ಬಾಗಿಲಲ್ಲಿದ್ದ ಚಪ್ಪಲಿ

ಐವತ್ತರ ದಶಕದಲ್ಲಿ ನಮ್ಮ ಯಜಮಾನರು ನಾಗಪುರದ ಒಂದು ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರಾಗಿದ್ದರು. ಜೊತೆಗಿದ್ದ ಇನ್ನೊಬ್ಬ ಡಾಕ್ಟರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿದಾಗಲೆಲ್ಲ ಮೇಲಿನವರು ‘ನೋಡೋಣ’ ಎನ್ನುತ್ತಿದ್ದರು. ಏನು ನೋಡುತ್ತಿದ್ದರೋ, ಅವರ ಬಾಯಿಗೆ ಮಣ್ಣು ಬೀಳಲಿ! ಇಬ್ಬರ ಕೆಲಸ ಇವರೊಬ್ಬರ ತಲೆಗೆ ಬಿತ್ತು. ಸಾಲದ್ದಕ್ಕೆ, ಹುಬ್ಬಳ್ಳಿ ಕಡೆಯಿಂದ ರೈಲ್ವೆಗೆ ಬಂದವರು ಹೊಟ್ಟೆನೋವನ್ನು ಮರಾಠಿಯಲ್ಲಿ ಹೇಳಲು ಬಾರದೆ, ಭಾನುವಾರ ಸೀದಾ ನಮ್ಮ ಮನೆಗೇ ಬರುತ್ತಿದ್ದರು. ‘ನಮ್ಮ ಡಾಕ್ಟರು’ ಅಂತ. ನಾನೂ ಹಿಗ್ಗಿ ಚಹಾ ಮಾಡಿ ಕೊಡುತ್ತಿದ್ದೆ.

ಕೂಸುಗಳನ್ನು ನಗಿಸಿಯೇ ಸೂಜಿ ಚುಚ್ಚುತ್ತಿದ್ದ ಮನುಷ್ಯ ಆ ಬೇಸಿಗೆಗೆ ಮಾತೇ ಬಿಟ್ಟರು. ತಟ್ಟೆಯ ಮುಂದೆ ಕೂತು ಉಣ್ಣುವುದನ್ನು ಮರೆಯುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಗೇಟಿನ ಸದ್ದಾದದ್ದೇ ತಡ, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು.

‘ನಾ ಇಲ್ಲಂತ ಹೇಳು. ಇವತ್ತ ಯಾರರೆ ಮುಂದ ಬಂದ್ರ ಸಿಟ್ಟಿಲೆ ಕೈ ಮಾಡಿಬಿಡತೀನಿ’ ಎಂದರು ಒಳಗಿನಿಂದ.

ಬಾಗಿಲಲ್ಲಿ ರೈಲ್ವೆ ಫಿಟರನ ಹೆಂಡತಿ, ಸೊಂಟದ ಮೇಲೆ ಜ್ವರದ ಕೂಸು. ಕೂಸು ಕಣ್ಣನ್ನೂ ಪೂರ್ತಿ ತೆರೆಯುತ್ತಿರಲಿಲ್ಲ.

‘ಸಾಹೇಬ್ರು ಅದಾರೇನ್ರಿ ಅಕ್ಕಾರ?’

‘ಇಲ್ಲವಾ, ಡ್ಯೂಟಿಗೆ ಹೋಗ್ಯಾರ.’

ಅವಳು ಕೆಳಗೆ ನೋಡಿದಳು. ಇವರ ಚಪ್ಪಲಿ ಅಲ್ಲೇ ಇದ್ದವು. ಡ್ಯೂಟಿಯ ಬೂಟೂ ಪಕ್ಕದಲ್ಲೇ ಇತ್ತು! ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

‘ಚಪ್ಪಲಿ ಒಳಗ ಇಡ್ರಿ ಅಕ್ಕಾರ’ ಅಂದಳು ಮೆಲ್ಲಗೆ. ‘ನನ್ನ ಹಿಂದ ಇನ್ನೂ ಮಂದಿ ಬರಾಕತ್ತಾರ. ಸಾಹೇಬ್ರು ಜರಾ ಮಲಕ್ಕೊಳ್ಳಲಿ.’

ಕೂಸಿನ ತಲೆಗೆ ಸೆರಗು ಹೊದಿಸಿ ಬಿಸಿಲಿಗೆ ಇಳಿದಳು.

ನಾನು ಮಾಡಿದ್ದೇನು? ಅವಳನ್ನು ಕರೆಯಲಿಲ್ಲ. ಬಗ್ಗಿ ಚಪ್ಪಲಿ ಎತ್ತಿಕೊಂಡೆ. ಆಗಲೇ ಹಿಂದೆ ಚಿಲಕ ತೆಗೆದ ಸದ್ದು. ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಮುಖ ಸಹ ನೋಡದೆ, ‘ತಂಗಿ, ನಿಲ್ಲವಾ!’ ಎಂದು ಕೂಗುತ್ತ, ಬರಿಗಾಲಲ್ಲೇ ಆ ಸುಡುವ ರಸ್ತೆಗೆ ಓಡಿದರು. ರಸ್ತೆಯ ಆ ತುದಿಯ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಕೂಸಿನ ಎದೆಗೆ ಕಿವಿಯಿಟ್ಟರು.

ಅಷ್ಟರಲ್ಲಿ ಮುಂದಿನವರು ಗೇಟಿಗೆ ಬಂದರು.

‘ಸಾಹೇಬ್ರು ಅದಾರೇನ್ರಿ?’

ಚಪ್ಪಲಿ ಇನ್ನೂ ನನ್ನ ಕೈಯಲ್ಲೇ ಇದ್ದವು.