ಸಿದ್ರಾಮಪ್ಪ ಕಾಕಾ ಕಳಿಸಿದ ಮಾತುಗಳು

ಶಹಾಬಾದಿನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಸ್ವಿಚ್ ಬೋರ್ಡಿನ ಪ್ರತಿ ಗುಂಡಿಯ ಕೆಳಗೂ ಒಂದು ಚೀಟಿ: 'ಪಡಸಾಲಿ ಲೈಟು', 'ಮ್ಯಾಲಿನ ಫ್ಯಾನು', 'ಇದು ಕೆಟ್ಟದ'. ಅಡುಗೆಮನೆಯ ಡಬ್ಬಿಗಳ ಮೇಲೆ, ನೀರಿನ ನಲ್ಲಿಗಳ ಮೇಲೆ, ಮೊಳೆಗೆ ತೂಗಿದ ಬೀಗದ ಕೈಗಳ ಮೇಲೆ, ಎಲ್ಲೆಲ್ಲೂ ಅದೇ ದುಂಡನೆಯ ನೀಲಿ ಅಕ್ಷರ. ಬರೆದು ಅಂಟಿಸಿದವರು ಮನೆಯ ಮಾಲೀಕರಾದ ಸಿದ್ರಾಮಪ್ಪನವರು. ಸಿಮೆಂಟ್ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಅಲ್ಲಿನ ಕಪಾಟುಗಳಿಗೆ ಚೀಟಿ ಹಚ್ಚಿದ ಕೈ ನಿವೃತ್ತಿಯ ಮೇಲೂ ಸುಮ್ಮನಿರಲಿಲ್ಲ. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಸೇಡಂನವನು. ಆಗ ಶಹಾಬಾದಿನ ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಎಂ.ಎ. ಓದಲು ಮೈಸೂರಿಗೆ ಹೋದಾಗ, ಮೊದಲ ದಿನವೇ ತರಗತಿಯಲ್ಲಿ ಎದ್ದು ನಿಂತು 'ನೋಟ್ಸ್ ಬರಿಯಾಕತ್ತೀನ್ರಿ' ಎಂದಿದ್ದೆ. ಇಡೀ ತರಗತಿ ನಕ್ಕಿತ್ತು. ಅಂದಿನಿಂದ ನನ್ನ ನಾಲಿಗೆಯನ್ನು ನಾನೇ ಕಾಯತೊಡಗಿದ್ದೆ. ಊರಿಗೆ ಮರಳಿದ ಮೇಲೂ ಪುಸ್ತಕದ ಕನ್ನಡವನ್ನೇ ಮಾತನಾಡುತ್ತಿದ್ದೆ. ಕಾಕಾ ಅದನ್ನು ಗಮನಿಸಿರಲೇಬೇಕು, ಆದರೆ ಒಮ್ಮೆಯೂ ಕೆಣಕಲಿಲ್ಲ. ಬದಲಿಗೆ ಬಂದವರಿಗೆಲ್ಲ "ನಮ್ಮ ಮ್ಯಾಲಿನ ಮನಿ ಸರ್‍ದು ಕನ್ನಡ ಭಾಳ ಶುದ್ಧ ಅದ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಅವರ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ವಾಡಿ ಊರಿಗೆ ಮದುವೆಯಾಗಿ ಹೋದ ಮಗಳು ಬಿ.ಇಡಿ. ಓದುವಾಗ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ ಹಳೆಯದಾಗಿತ್ತು. ಹೊಸದನ್ನು ತಾಳುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಒಂದು ಫೋಟೋ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ರಿಪೇರಿಯವನು ಗುಜರಿಗೆ ಹಾಕಿ ಎಂದ. ಕಾಕಾ ಒಪ್ಪಲಿಲ್ಲ. ಫೋನಿನಲ್ಲಿ ನಾಲ್ಕಾರು ದಿನ ವಿಡಿಯೊ ನೋಡಿ, ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದರು. ಲಿನಕ್ಸ್ ಅಂತ ಒಂದು ಇದೆಯಂತೆ, ಪುಕ್ಕಟೆಯಂತೆ, ಹಳೆಯ ಯಂತ್ರದಲ್ಲೂ ಓಡುತ್ತದಂತೆ, ಕಾಲೇಜಿನ ಲ್ಯಾಬಿನಲ್ಲಿ ಯಾರಾದರೂ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾರೇನು ಎಂದು ಕೇಳಿದರು.

ಮುಂದಿನ ಭಾನುವಾರ ಪಡಸಾಲೆಯ ಶಹಾಬಾದಿ ಪರಸಿಕಲ್ಲಿನ ನೆಲದ ಮೇಲೆ ಕುಳಿತು ಇಬ್ಬರೂ ಆ ಕೆಲಸ ಮಾಡಿದೆವು. ಮೊದಲು ಮಗಳ ಮದುವೆಯ ಫೋಟೋಗಳನ್ನು ಬೇರೆಡೆ ತೆಗೆದಿಟ್ಟೆವು. ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆವು. ನಡುವೆ ಯಾವ ಭಾಷೆ ಬೇಕೆಂದು ಅದು ಕೇಳಿತು. ಉದ್ದದ ಪಟ್ಟಿಯಲ್ಲಿ ಕನ್ನಡ ಎಂಬ ಹೆಸರು ಕಂಡದ್ದೇ ಕಾಕಾ ಅಡುಗೆಮನೆಯಿಂದ ಹೆಂಡತಿಯನ್ನು ಕರೆದರು. ನೀಲಮ್ಮ ಕಾಕು ತೆಂಗಳಿ ಹಳ್ಳಿಯವರು, ನಾಲ್ಕನೆಯ ತರಗತಿಯವರೆಗೆ ಕಲಿತವರು. ಕನ್ನಡ ಬಿಟ್ಟರೆ ಬೇರೆ ಅಕ್ಷರ ಅವರಿಗೆ ಬಾರದು. ಹಿಟ್ಟಿನ ಕೈಯಲ್ಲೇ ಬಂದು ಪರದೆ ನೋಡಿ, ಇನ್ನು ನಾನೂ ಇದನ್ನು ನಡೆಸಬಹುದೇನು ಎಂದು ಕೇಳಿದರು. ಕಾಕಾ ಹೂಂ ಎಂದರು.

ಆದರೆ ಯಂತ್ರ ಎದ್ದು ಕುಳಿತಾಗ ಅರ್ಧ ಮಾತು ಇಂಗ್ಲಿಷಿನಲ್ಲೇ ಇತ್ತು. ಉಳಿದರ್ಧ ಕನ್ನಡವೇ ಆದರೂ ಕಾಕುಗೆ ಅದೂ ಇಂಗ್ಲಿಷಿನಷ್ಟೇ ದೂರ. ನನಗೆ ಅಷ್ಟಕ್ಕೇ ಸಮಾಧಾನವಾಗಿತ್ತು. ಕಾಕಾಗೆ ಆಗಲಿಲ್ಲ. ಹೆಂಡತಿಗೆ ಹೂಂ ಎಂದುಬಿಟ್ಟಿದ್ದರಲ್ಲ. ವಾರದೊಳಗೆ ಅವರು ಇನ್ನೊಂದು ಸಂಗತಿ ಪತ್ತೆ ಹಚ್ಚಿದರು. ಈ ವ್ಯವಸ್ಥೆ ಯಾರೊಬ್ಬರ ಸ್ವತ್ತೂ ಅಲ್ಲ. ಜಾಲತಾಣದಲ್ಲಿ ಅದರ ಒಂದೊಂದು ಇಂಗ್ಲಿಷ್ ಸಾಲಿನ ಕೆಳಗೂ ಖಾಲಿ ಜಾಗವಿದೆ, ಯಾರು ಬೇಕಾದರೂ ತಮ್ಮ ಭಾಷೆಯ ಮಾತು ಬರೆದು ಕಳಿಸಬಹುದು. ಪರಿಶೀಲಕನೊಬ್ಬ ಅದನ್ನು ಒಪ್ಪಿದರೆ ಮುಂದಿನ ಆವೃತ್ತಿಯಲ್ಲಿ ಎಲ್ಲರ ಪರದೆಗೂ ಬರುತ್ತದೆ. ಕನ್ನಡಕ್ಕೆ ಆಗ ಪರಿಶೀಲಕರೇ ಸಾಲದಾಗಿದ್ದರು. ಕಾಕಾ ನನ್ನಿಂದ ಅರ್ಜಿ ಹಾಕಿಸಿದರು. ಕನ್ನಡ ಎಂ.ಎ. ಎಂದು ನೋಡಿ ತಾಣ ನಡೆಸುವವರು ನನಗೆ ಆ ಹಕ್ಕು ಕೊಟ್ಟರು. ಹೀಗೆ ಕಾಕಾ ಕಳಿಸುವ ಮಾತುಗಳಿಗೆ ಹೂಂ ಅಥವಾ ಊಹೂಂ ಎನ್ನುವ ಅಧಿಕಾರ ನನಗೆ ಬಂತು.

ಅವರು ಕೆಲಸ ಮಾಡುವ ರೀತಿ ನೋಡುವಂತಿತ್ತು. ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಲ್ಯಾಪ್‌ಟಾಪಿನ ಮುಂದೆ ಕುಳಿತುಬಿಡುವರು. ಇಂಗ್ಲಿಷ್ ಸಾಲನ್ನು ಓದಿ, ಅರ್ಥ ಮಾಡಿಕೊಂಡು, ಜೋಳದ ರೊಟ್ಟಿ ಬಡಿಯುತ್ತಿದ್ದ ಕಾಕುಗೆ ಕೂಗಿ ಕೇಳುವರು: ಬರೆದದ್ದು ಹೋಗದಂತೆ ಇಡು ಅನ್ನಬೇಕಾದರೆ ನೀನು ಏನನ್ನುತ್ತೀ? ಕಾಕು ಒಂದು ಮಾತು ಹೇಳುವರು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ಮರುದಿನ ಆ ಚೀಟಿಯನ್ನು ಅವರಿಗೇ ಓದಲು ಕೊಡುವರು. ಕಾಕು ತಡವರಿಸದೆ ಓದಿ ಅರ್ಥ ಹೇಳಿದರೆ ಮಾತ್ರ ಅದು ಜಾಲತಾಣಕ್ಕೆ ಹೋಗುತ್ತಿತ್ತು. ಹೀಗೆ ದಿನಕ್ಕೆ ನಾಲ್ಕೈದು ಸಾಲು, ಹೆಚ್ಚೆಂದರೆ ಹತ್ತು.

ನಾನು ಅವನ್ನು ತೆರೆದು ನೋಡಲಿಲ್ಲ. ಮೊದಲು ಪರೀಕ್ಷೆ ಬಂತು, ಆಮೇಲೆ ಮೌಲ್ಯಮಾಪನ, ಆಮೇಲೆ ಚುನಾವಣೆಯ ಕೆಲಸ. ಕಾಕಾ ಮೆಟ್ಟಿಲು ಹತ್ತಿ ಬಂದು, ಮೊದಲು ನೀರು ಬಂತೇ, ಕರೆಂಟು ಸರಿಯಿದೆಯೇ ಎಂದೆಲ್ಲ ಕೇಳಿ, ಕೊನೆಗೆ ಮಾತುಗಳ ವಿಷಯ ತೆಗೆಯುತ್ತಿದ್ದರು. ಪ್ರತಿ ಸಲವೂ ನಾನು ಬರುವ ಭಾನುವಾರ ಎನ್ನುತ್ತಿದ್ದೆ.

ಒಮ್ಮೆ ಮಾತ್ರ ನಾವಿಬ್ಬರೂ ವಾದಕ್ಕೆ ಬಿದ್ದೆವು. ಅವರು ತೋರಿಸಲು ತಂದ ಚೀಟಿಯಲ್ಲಿ ಡಿಲೀಟ್ ಎಂಬುದಕ್ಕೆ 'ತಗದ ಹಾಕು' ಎಂದು ಬರೆದಿದ್ದ ಕಡೆ ಬೆರಳಿಟ್ಟು, ಇದು ಬರೆಯುವ ಕನ್ನಡವಲ್ಲ, ಮೈಸೂರಿನ ಕಡೆಯವರು ಓದಿದರೆ ನಗುತ್ತಾರೆ ಎಂದೆ.

"ನಗಲಿ ಬಿಡ್ರಿ ಸರ್" ಎಂದರು ಕಾಕಾ. "ನಗಬೇಕಾದ್ರ ಮೊದಲು ಅವರಿಗಿ ತಿಳೀಬೇಕಲ್ರಿ. ತಿಳೀತಂದ್ರ ನಮ್ ಕೆಲಸ ಆತು."

ಆ ಮಾತಿಗೇ ನನಗೆ ಸಿಟ್ಟು ಬಂದಿರಬೇಕು. ಕೆಲವು ದಿನಗಳ ಮೇಲೆ, ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಈ ಕಾಟ ಒಮ್ಮೆಗೇ ಮುಗಿಯಲೆಂದು ಆ ಪಟ್ಟಿ ತೆರೆದೆ. ಮುನ್ನೂರಕ್ಕೂ ಹೆಚ್ಚು ಮಾತುಗಳು ಕಾಯುತ್ತಿದ್ದವು. ಒಂದೊಂದನ್ನೂ ಪೂರ್ತಿ ಓದುವ ತಾಳ್ಮೆಯೂ ನನಗಿರಲಿಲ್ಲ. ಬಹುಪಾಲು ಎಲ್ಲವನ್ನೂ ತಿರಸ್ಕರಿಸುತ್ತ, ಆ ಜಾಗದಲ್ಲಿ ನನ್ನ ನಿಘಂಟಿನ ಮಾತುಗಳನ್ನು ತುಂಬುತ್ತ ಹೋದೆ. ಕೆಳಗಿನ ಪಡಸಾಲೆಯಿಂದ ಕಾಕಾನ ಫೋನು ಟಿಣ್ ಎನ್ನುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. ಹತ್ತಿಪ್ಪತ್ತು ಸಲ ಕೇಳಿದ ಮೇಲೆ ಗೊತ್ತಾಯಿತು: ನಾನು ಒಂದು ಮಾತನ್ನು ತಳ್ಳಿಹಾಕಿದಾಗಲೆಲ್ಲ ಆ ಜಾಲತಾಣ ಅವರಿಗೆ ತಿಳಿಸುತ್ತಿತ್ತು. ಗೊತ್ತಾದ ಮೇಲೂ ನಾನು ನಿಲ್ಲಿಸಲಿಲ್ಲ. ಸಂಜೆಯವರೆಗೂ ಆ ಸದ್ದು ಬರುತ್ತಲೇ ಇತ್ತು.

ಕಾಕಾ ಜಗಳಕ್ಕೆ ಬರಲಿಲ್ಲ. ಮರುದಿನ ಎಂದಿನಂತೆ ಶರಣು ಎಂದರು, ಕಾಕು ಮಾಡಿದ ಹೋಳಿಗೆ ಕಳಿಸಿದರು. ಮೆಟ್ಟಿಲು ಹತ್ತುವುದನ್ನು ಮಾತ್ರ ಬಿಟ್ಟರು. ಜಾಲತಾಣಕ್ಕೆ ಅವರಿಂದ ಮತ್ತೆ ಒಂದು ಸಾಲೂ ಬರಲಿಲ್ಲ. ಕೆಲವು ತಿಂಗಳಿಗೆ ಹೊಸ ಆವೃತ್ತಿ ಬಂದು, ನನ್ನ ಕನ್ನಡವೇ ಅವರ ಮನೆಯ ಪರದೆಯ ಮೇಲೆ ಕುಳಿತಿತು. ಆಮೇಲೆ ಅವರು ಬೇರೊಂದು ಕೆಲಸ ಹಿಡಿದರು. ಕಾಕು ತಮ್ಮ ತಾಯಿಯಿಂದ ಕಲಿತ ಬೀಸುವ ಪದಗಳನ್ನು ಹಾಡುವುದು, ಕಾಕಾ ಅವನ್ನು ಟೈಪ್ ಮಾಡುವುದು. ಮೇಲಿನಿಂದ ಹಾಡು ಕೇಳಿಸುತ್ತಿತ್ತು. ಇಳಿದು ಹೋಗಿ ಕುಳಿತುಕೊಳ್ಳಲು ನನಗೆ ಮುಖವಿರಲಿಲ್ಲ.

ಮರುವರ್ಷ ನನಗೆ ಚಿಂಚೋಳಿಗೆ ವರ್ಗವಾಯಿತು. ಹೊರಡುವ ದಿನ ಕಾಕಾ ಬಸ್ ನಿಲ್ದಾಣದವರೆಗೆ ಬಂದರು. ಬಸ್ಸು ಬರಲು ಅರ್ಧ ಗಂಟೆಯಿತ್ತು. ಆ ವಿಷಯ ಅವರು ತೆಗೆಯಲಿ, ನಾನು ತಪ್ಪಾಯಿತು ಎನ್ನುತ್ತೇನೆ ಎಂದು ಕಾದೆ. ಅವರು ತೆಗೆಯಲಿಲ್ಲ. ನಾನೇ ತೆಗೆಯಬಹುದಿತ್ತು. ಬಸ್ಸು ಹೊರಟಾಗ ಕಿಟಕಿಯ ಬಳಿ ಬಂದು, "ಅಲ್ಲಿ ಥಂಡಿ ಭಾಳ ಅಂತ್ರಿ ಸರ್, ರಗ್ಗು ತಗೊಂಡೀರಿಲ್ಲೊ?" ಎಂದಷ್ಟೇ ಕೇಳಿದರು. ತೆಗೆದುಕೊಂಡಿದ್ದೇನೆ ಎಂದೆ. ಅವರನ್ನು ನಾನು ಮತ್ತೆ ನೋಡಲಿಲ್ಲ.

ಸುದ್ದಿ ಬಂದಾಗ ಎಲ್ಲ ಮುಗಿದು ವಾರವಾಗಿತ್ತು. ಎದೆನೋವೆಂದು ಕಲಬುರಗಿಯ ಆಸ್ಪತ್ರೆಗೆ ಒಯ್ದರಂತೆ, ಮರಳಿ ತಂದದ್ದು ದೇಹವನ್ನು. ನಾನು ಶಹಾಬಾದಿಗೆ ಹೋಗುವಷ್ಟರಲ್ಲಿ ಮತ್ತೂ ಹತ್ತು ದಿನ ಕಳೆದಿತ್ತು. ಕಾಕು ಚಹಾ ಕೊಟ್ಟು ಎದುರಿಗೆ ಕುಳಿತರು. ಆ ಬೆಳಗಿನ ಕತೆಯನ್ನು ಅವರೇ ಹೇಳಿದರು. ಹಾಡು ಮುಗಿದ ಮೇಲೆ ಕಾಕಾ ಏನೋ ಬರೆಯುತ್ತ ಕುಳಿತಿದ್ದರಂತೆ. ಏನು ಎಂದು ಕೇಳಿದ್ದಕ್ಕೆ, ನಿನಗೇ ಬರೆಯುತ್ತಿದ್ದೇನೆ, ಆಮೇಲೆ ಓದಿಕೋ ಎಂದರಂತೆ. ಅಷ್ಟರಲ್ಲಿ ನೋವು ಬಂತು. ಚಾರ್ಜಿನ ವಯರು ತೆಗೆಯದೆ ಲ್ಯಾಪ್‌ಟಾಪಿನ ಮುಚ್ಚಳವಷ್ಟೇ ಹಾಕಿದವರು ಕಾಕು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಬ್ಬರೇ ಇದ್ದಾಗ ಅವರು ಮುಚ್ಚಳ ತೆರೆದಿದ್ದರು. ಬರೆದದ್ದು ಹಾಗೇ ಇತ್ತು. ಮೇಲಿನ ಸಾಲಿನಲ್ಲಿ ತಮ್ಮ ಹೆಸರು ಓದಿದರು. ಉಳಿದ ಅಕ್ಷರ ಸಣ್ಣವು. ಕಾಕಾ ಮೇಲೆ ಎಲ್ಲೋ ಒತ್ತಿ ದೊಡ್ಡದು ಮಾಡುತ್ತಿದ್ದದ್ದು ನೆನಪಾಗಿ, ಮೂಲೆಯಲ್ಲಿ ಒತ್ತಿದರು; ಅದು ಮುಚ್ಚುವ ಗುಂಡಿ. ಆಗ ಒಂದು ಚೌಕ ಎದ್ದಿತು. ಅದರಲ್ಲಿ ಮೂರು ಮಾತು.

"ಒಂದು ಸಂಚಯಿಸು ಅಂತಿತ್ರಿ, ಅದು ನನಗ ತಿಳೀಲಿಲ್ಲ" ಎಂದರು ಕಾಕು. "ಇನ್ನೊಂದು ರದ್ದುಗೊಳಿಸು. ರೇಶನ್ ಕಾರ್ಡ್ ರದ್ದಾದಂಗ ಇದೂ ಹೋದೀತು ಅಂತ ಅದನ್ನ ಮುಟ್ಟಲಿಲ್ಲ. ಮೂರನೇದು ವಿಸರ್ಜಿಸು ಅಂತಿತ್ತು. ಗಣಪತೀನ ಪೂಜಿ ಮುಗಿಸಿ ಮಾಡ್ತೀವಲ್ರಿ, ಹಂಗ ಮರ್ಯಾದಿಲಿಂದ ಮುಗಸೋದು ಇರಬೇಕು ಅಂದ್ಕೊಂಡು, ಕೈ ಮುಗದು ಅದನ್ನೇ ಒತ್ತಿದೆ."

ನಾನು ಲ್ಯಾಪ್‌ಟಾಪನ್ನು ಎಳೆದುಕೊಂಡು ಹುಡುಕಿದೆ. ಹಿಂದೆ ಇಟ್ಟಿದ್ದ ಹಾಡುಗಳೆಲ್ಲ ಇದ್ದವು. ಆ ಬೆಳಗ್ಗೆ ಬರೆದದ್ದು ಮಾತ್ರ ಎಲ್ಲೂ ಇರಲಿಲ್ಲ. ಸೇವ್, ಕ್ಯಾನ್ಸಲ್, ಡಿಸ್ಕಾರ್ಡ್ ಎಂಬುವಕ್ಕೆ ಇಟ್ಟ ಆ ಮೂರೂ ಮಾತು ನನ್ನವು. ರಜೆಯ ಆ ಮಧ್ಯಾಹ್ನ ನಾನೇ ತುಂಬಿದವು. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯೆತ್ತದೆ, ಇದು ಯಂತ್ರದ ತಪ್ಪು, ನಿಮ್ಮದೇನಿಲ್ಲ ಎಂದೆ.

"ಇಲ್ರಿ ಸರ್" ಎಂದರು ಕಾಕು. "ಅವರು ಅಂತಿದ್ರು, ಮಶೀನು ತಾನಾಗೇ ಏನೂ ಅನ್ನಂಗಿಲ್ಲ, ಯಾರೋ ಬರದಿರ್ತಾರ ಅಂತ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಬರೆದವರು ಯಾರೆಂದು ಕಾಕಾ ಅವರಿಗೆ ಹೇಳಿರಲೇ ಇಲ್ಲ ಎಂಬುದು ಆಗ ನನಗೆ ಹೊಳೆಯಿತು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ, ನನ್ನ ಮರ್ಯಾದೆಯನ್ನು ಅವರು ಹೆಂಡತಿಯ ಮುಂದೆಯೂ ಕಾಯ್ದಿದ್ದರು.

"ನಾನೇ ಬರದದ್ರಿ, ಕಾಕು" ಎಂದೆ. "ಕಾಕಾ ಬ್ಯಾರೇನೇ ಬರದು ಕಳಿಸಿದ್ರು. ನಾ ಅದನ್ನ ತಗದು ಇದನ್ನ ಹಾಕೀನಿ."

ಕಾಕು ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ತೊಳೆಯುವ ಸದ್ದು ಕೇಳಿಸಿತು. ಬಾಗಿಲಲ್ಲಿ ಬಂದು ನಿಂತು, ಅವರು ಕಳಿಸಿದ ಮಾತುಗಳು ಈಗಲೂ ಇವೆಯೇ ಎಂದು ಕೇಳಿದರು. ಇವೆ ಎಂದೆ. ತಳ್ಳಿಹಾಕಿದ್ದೂ ಜಾಲತಾಣದಲ್ಲಿ ಅಳಿಯುವುದಿಲ್ಲ, ಅವರ ಹೆಸರಿನೊಂದಿಗೆ ಹಾಗೇ ಇರುತ್ತದೆ.

"ಹಂಗಾದ್ರ ಅವನ್ನ ಹಚ್ರಿ" ಎಂದರು.

ಚಿಂಚೋಳಿಗೆ ಮರಳಿದ ಮರುದಿನ ಕಾಲೇಜಿಗೆ ರಜೆ ಹಾಕಿ ಕುಳಿತೆ. ಕಾಕಾನ ಮಾತುಗಳನ್ನು ಮೊದಲ ಬಾರಿಗೆ ಒಂದೊಂದಾಗಿ, ಗಟ್ಟಿಯಾಗಿ ಓದಿದೆ. ನಾಲ್ಕೈದು ಕಡೆ ಕಾಗುಣಿತ ತಿದ್ದಿದ್ದು ಬಿಟ್ಟರೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಅಷ್ಟನ್ನೂ ಒಪ್ಪಿ ಮುಗಿಸಲು ಒಂದೇ ಮಧ್ಯಾಹ್ನ ಸಾಕಾಯಿತು.