ಹೊಸ ಸೀಟು, ಮಾವನವರ ರುಮಾಲು

ಫ್ರೆಂಡ್ಸ್, ನನ್ನ ಗಂಡನ ಸೊಂಟಕ್ಕೆ ಇವತ್ತು ಬಿಡುಗಡೆ ಸಿಕ್ಕಿತು! ದಿನಾ ಸಿಂದಗಿಯಿಂದ ಇಂಡಿ ಊರಿನ ಕಾಲೇಜಿಗೆ ಪಾಠ ಹೇಳಲು ಕಾರಿನಲ್ಲಿ ಹೋಗಿಬಂದು, ಸಂಜೆ ಬಾಗಿಲು ಹಿಡಿದುಕೊಂಡೇ ಇಳಿಯುತ್ತಿದ್ದರು ಪಾಪ. ಗ್ಯಾರೇಜಿನ ಮೈಬೂಬ್ ಚಾಚಾ ಕುಸಿದುಹೋಗಿದ್ದ ಮುಂದಿನ ಎರಡೂ ಸೀಟು ಕಿತ್ತು, ಬೇರೆ ಕಾರಿನ ದಪ್ಪ ಸೀಟುಗಳನ್ನು ಕೂರಿಸಿಕೊಟ್ಟರು. ಎಷ್ಟು ಚೆಂದ ಗೊತ್ತಾ, ಸೋಫಾನೇ!

ಆಮೇಲೆ ನಮ್ಮ ಮಾವನವರು ಮುಂದಿನ ಸೀಟಿಗೆ ಹತ್ತಿದರು. ಅವರ ಗುಲಾಬಿ ರುಮಾಲು ಕಾರಿನ ಚಾವಣಿಗೆ ತಾಗಿ, ಜಾರಿ ಕಣ್ಣಿನ ಮೇಲೆ ಬಂತು.

"ರುಮಾಲ ತಗದು ತೊಡಿ ಮ್ಯಾಲ ಇಟ್ಕೊಳ್ರಿ ಗೌಡ್ರ," ಎಂದರು ಚಾಚಾ.

"ಬೀಗರ ಮನಿ ಮುಂದ ಬರೇ ತಲೀಲೆ ಇಳೀಲೇನು? ಹಳೇ ಸೀಟ ಹೊಳ್ಳಿ ಹಾಕೋ ಮೈಬೂಬ!" ಎಂದು ಮಾವನವರು ಗುಡುಗಿದರು.

"ಅಪ್ಪಾ, ನನ್ನ ಟೊಂಕಾ ಹೋಗ್ತೈತಿ," ಎಂದ ನನ್ನವರ ಧ್ವನಿ ಅಳುವಂತಿತ್ತು.

ಆ ಬೀಗರೆಂದರೆ ಮುದ್ದೇಬಿಹಾಳದ ನನ್ನ ತವರಿನವರೇ. ನಾನು ತುಟಿ ಬಿಚ್ಚುವ ಹಾಗೇ ಇರಲಿಲ್ಲ!

ಚಾಚಾ ಅಪ್ಪ ಮಗ ಇಬ್ಬರ ಮುಖವನ್ನೂ ನೋಡಿ, ಎಡಗಡೆಗೆ ಮಾತ್ರ ಹಳೆಯ ಸೀಟನ್ನು ಮತ್ತೆ ಜೋಡಿಸಿದರು. "ಆ ಕಡಿ ಟೊಂಕಾ ಉಳೀತು, ಈ ಕಡಿ ರುಮಾಲ ಉಳೀತು. ಆತಿಲ್ರಿ?"

ಮಾವನವರು ಕುಳಿತು ರುಮಾಲು ಮುಟ್ಟಿ ನೋಡಿಕೊಂಡರು. "ಹಾಂ, ಈಗ ಬರೋಬ್ಬರಿ ಆತು!"

ಸಂಜೆ ನಾವಿಬ್ಬರೇ ದೇವರ ಹಿಪ್ಪರಗಿಯವರೆಗೆ ಸುತ್ತಾಡಿ ಬಂದೆವು. ನನ್ನವರು ಒಮ್ಮೆಯೂ ನರಳಲಿಲ್ಲ, ಹಾಡುತ್ತಲೇ ಓಡಿಸಿದರು! ನಾನು ಪಕ್ಕದ ತಗ್ಗು ಸೀಟಿನಿಂದ ದಾರಿಯುದ್ದಕ್ಕೂ ಅವರನ್ನು ತಲೆ ಎತ್ತಿ ನೋಡುತ್ತಲೇ ಇದ್ದೆ. ಅವರ ಸೊಂಟ ಈಗ ಆರಾಮ. ನನ್ನ ಕತ್ತು ನೋಯುತ್ತಿದೆ.