ದೋಣಿಗೆ ನೀರು ಕುಡಿಸುವ ಮಕ್ಬೂಲ್ ಸಾಬರು

ಮೂಡಲು ಇನ್ನೂ ಕೆಂಪೇರಿಲ್ಲ. ಶಿರಾ ಊರಾಚೆಯ ಷೆಡ್ಡಿನ ಮುಂದೆ ಮಕ್ಬೂಲ್ ಸಾಬರು ಎತ್ತಿನ ಗಾಡಿಯ ಕೆಳಗೆ ಅಂಗಾತ ಮಲಗಿದ್ದಾರೆ. ಗಾಡಿಯ ಮೇಲೆ ಹದಿನಾರು ಅಡಿಯ ಮರದ ದೋಣಿ. ದೋಣಿಯೊಳಗೆ ಗೋಣಿಚೀಲ, ಅದರ ಮೇಲೆ ಹತ್ತು ಬಿಂದಿಗೆ ನೀರು. ಆ ನೀರು ಹಲಗೆಗಳ ಸಂದಿನಿಂದ ಇಳಿದು ಅವರ ಹಣೆಗೆ, ಗಡ್ಡಕ್ಕೆ ತೊಟ್ಟಿಕ್ಕುತ್ತಿದೆ. ಲಾಟೀನು ಎತ್ತಿ ಎಣಿಸುತ್ತಾರೆ.

"ಅನ್ನೊಂದು ಕಡೆ ಸೋರ್ತಾ ಅದೆ ಸ್ವಾಮಿ. ಎರಡು ದಿನ ನೆನೀಬೇಕಾದ್ದು, ಒಂದು ರಾತ್ರಿ ನೆಂದೈತೆ. ಹೆಂಗ್ ಮಾಡೋದು?"

ನಾನೇನು ಹೇಳಲಿ? ಸಾಬರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟವನು ನಾನು; ನನಗೆ ದೋಣಿ ಗೊತ್ತಿಲ್ಲ, ಈಜೂ ಬರುವುದಿಲ್ಲ.

ಸಂಗತಿ ಇಷ್ಟು. ನಾಲ್ಕು ದಿನದಿಂದ ಚಿತ್ತಾ ಮಳೆ ಮಧುಗಿರಿಯ ಬೆಟ್ಟಗಳ ಆಚೆಗೆ ಸುರಿದಿದೆ. ಹೊನ್ನೇಕಟ್ಟೆ ಕೆರೆ ತುಂಬಿ, ಏರಿಯ ಬುಡ ಒಸರುತ್ತಿದೆ. ತೂಬು ತೆಗೆದು ನೀರು ಬಿಟ್ಟರೆ ಏರಿ ಉಳಿಯುತ್ತದೆ. ಆದರೆ ತೂಬಿನ ಬಾಯಿಗೆ ಮುಳ್ಳುಕಂಟಿ, ಮರದ ದಿಮ್ಮಿ ಬಂದು ಕಚ್ಚಿಕೊಂಡಿವೆ. ಹಾರೆ ಹಿಡಿದು ಇಬ್ಬರು ದಡದಿಂದ ನೂರು ಗಜ ನೀರಿನ ಮೇಲೆ ಹೋಗಬೇಕು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕೆರೆಗಳಿಗೂ ಇರುವುದು ಇದೊಂದೇ ದೋಣಿ. ಅದನ್ನು ಸಾಗಿಸಿ ನೀರಿಗಿಳಿಸುವವರು ಇವರೊಬ್ಬರೇ.

ಬೇರೆ ಸೀಮೆಯ ದೋಣಿಗಳು ನೀರಲ್ಲೇ ಇರುತ್ತವೆ. ನಮ್ಮದು ಷೆಡ್ಡಿನಲ್ಲಿ ಇರುತ್ತದೆ. ಕೆಲವು ವರ್ಷ ಕರೆಯೇ ಬರುವುದಿಲ್ಲ. ಹಲಗೆ ಒಣಗಿ ಸಂದು ಬಿಡುತ್ತದೆ. ನೀರು ಕುಡಿದು ಉಬ್ಬಿದ ಮೇಲಷ್ಟೇ ಒಂದಕ್ಕೊಂದು ಕೂಡಿಕೊಳ್ಳುವುದು. ಮೇಲೆ ಸುರಿದ ನೀರು ಕೆಳಗೆ ತೊಟ್ಟಿಕ್ಕುವುದು ನಿಂತರೆ ದೋಣಿ ತಯಾರು. ಸಾಬರ ವಿದ್ಯೆಯೆಲ್ಲ ಇಷ್ಟೇ, ಆದರೆ ಇಷ್ಟನ್ನು ಬಲ್ಲವರು ಸುತ್ತಿನಲ್ಲಿ ಇನ್ನೊಬ್ಬರಿಲ್ಲ.

ವಯಸ್ಸು ಐವತ್ತೆರಡು. ತಂದೆ ಕಡಲೆಕಾಯಿ ಮೂಟೆ ಹೊಡೆಯುತ್ತಿದ್ದ ಗಾಡಿಯವರು. ಐವತ್ತೊಂದನೇ ಇಸವಿಯಲ್ಲಿ ಸರ್ಕಾರದ ಈ ದೋಣಿ ಬಂದಾಗ ಉದ್ದನೆಯ ಗಾಡಿ ಇದ್ದದ್ದು ಇವರ ಹತ್ತಿರ ಮಾತ್ರ. ಈ ಹನ್ನೊಂದು ವರ್ಷದಲ್ಲಿ ಮೂವತ್ತೇಳು ಸಲ ದೋಣಿ ಇಳಿಸಿದ್ದಾರೆ. ಗಾಡಿ ಗಂಟೆಗೆ ಎರಡು ಮೈಲಿಗಿಂತ ತುಸು ಹೆಚ್ಚು ಹೋಗುತ್ತದೆ. ಇವತ್ತು ಹದಿನಾಲ್ಕು ಮೈಲಿ. ಹೆಂಡತಿ ಅಮೀರ್ ಬಿ ಗೋಣಿಚೀಲ ಹೊಲಿದು ಕೊಡುತ್ತಾರೆ, ರೊಟ್ಟಿ ಕಟ್ಟುತ್ತಾರೆ, ಗಾಡಿ ಹಿಂದಿರುಗುವವರೆಗೆ ಬಾಗಿಲಲ್ಲೇ ಕೂರುತ್ತಾರೆ. "ಇವರಿಗೆ ಈಜು ಬರಾಕಿಲ್ಲ ಕಣಪ್ಪಾ, ಸ್ವಲ್ಪ ನೋಡ್ಕೊ," ಎಂದು ನನ್ನನ್ನು ಕೇಳಿಕೊಳ್ಳುತ್ತಾರೆ. ಒಳ್ಳೆಯವನನ್ನೇ ಹಿಡಿದರು!

ಈ ಸಲ ಜೊತೆಗೆ ಕಲಿಯುವವರೊಬ್ಬರಿದ್ದಾರೆ. ನಾಗಲಮಡಿಕೆ ಕಡೆಯ ಸಿದ್ದಗಂಗಯ್ಯ, ನಲವತ್ತರ ಗಟ್ಟಿ ಆಳು. ಸಾಬರ ಕಣ್ಣಿಗೆ ಪೊರೆ ಬರುತ್ತಿರುವುದರಿಂದ ಕೆಲಸ ಕಲಿಯಲೆಂದು ಇವರನ್ನು ಹಾಕಿದ್ದಾರೆ. ಹುಟ್ಟಿದ್ದು ಒಣ ಸೀಮೆಯಾದರೂ ಬಾವಿಯಲ್ಲಿ ಈಜು ಕಲಿತವರು. ಹೊನ್ನೇಕಟ್ಟೆಯಲ್ಲಿ ತೂಬು ನೋಡಿಕೊಳ್ಳುವ ನೀರಗಂಟಿಯ ಜೊತೆ ಇವತ್ತು ನೀರಿನ ಮೇಲೆ ಹೋಗುವವರೂ ಇವರೇ.

ದಾರಿಯುದ್ದಕ್ಕೂ ಸಿದ್ದಗಂಗಯ್ಯ ಗಾಡಿ ಹೊಡೆಯುತ್ತಾರೆ, ಸಾಬರು ಹಿಂದೆ ನಡೆಯುತ್ತಾರೆ. ನೋಟವೆಲ್ಲ ನೆಲದ ಮೇಲೆ. ಒಣ ಧೂಳಿನಲ್ಲಿ ಹನಿಗಳ ಸಾಲು ಬೀಳುತ್ತಾ ಬರುತ್ತಿದೆ. ನಾಲ್ಕನೇ ಮೈಲಿಗೆ ಒಂಬತ್ತು ಸಾಲು. ಆರನೆಯದಕ್ಕೂ ಒಂಬತ್ತೇ. ನೀರು ಸಾಲದು. ಆದರೂ ಅವರಿಗೊಂದು ಭರವಸೆ ಇದೆ. ಹಳ್ಳಿಗಳ ಹೆಂಗಸರು ದೋಣಿ ಬಂದರೆ ಮಳೆ ಬರುತ್ತದೆಂದು ನಂಬಿ, ಮನೆಗೊಂದು ಬಿಂದಿಗೆ ನೀರು ತಂದು ಸುರಿಯುತ್ತಾರೆ. ಕೆಲವರು ಅರಿಶಿನ ಹಚ್ಚಿ ಕೈ ಮುಗಿಯುವುದೂ ಉಂಟು. ಸಾಬರು ಇದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

"ಎರಡು ವರ್ಷದ ಕೆಳಗೆ ಪಾವಗಡದ ಕಡೆ ಹೋಗಿದ್ದೆ," ಎಂದು ತಾವೇ ಬಾಯಿ ಬಿಡುತ್ತಾರೆ. "ಜೀಪಿನಾಗೆ ಬಂದೋರೊಬ್ರು ಜಲ್ದಿ ಜಲ್ದಿ ಅಂದ್ರು. ಎಣ್ಮಕ್ಕಳು ಬಿಂದಿಗೆ ಹಿಡ್ಕೊಂಡು ನಿಂತಿದ್ರು. ನಾನು ಗಾಡಿ ನಿಲ್ಲಿಸ್ಲೇ ಇಲ್ಲ. ಒಣಗಿದ ದೋಣಿ ಇಳಿಸ್ಬುಟ್ಟೆ. ಅರ್ಧ ದಾರೀಲಿ ನೀರು ತುಂಬ್ಕೊಂತು. ಇಬ್ರು ತೂಬಿನ ಕಲ್ಲು ತಬ್ಕೊಂಡು ಜೀವ ಉಳಿಸ್ಕೊಂಡ್ರು. ತೂಬು ತೆಗೆಯಾಕೆ ಆಗ್ಲಿಲ್ಲ. ರಾತ್ರಿ ಏರಿ ಒಡೀತು." ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಿದೆ. ಆತುರ ಮಾಡಿದ ಜೀಪಿನವರೇ ಇವರನ್ನು ಬೈದು ಹೋದರಂತೆ.

ಎಂಟನೇ ಮೈಲಿಗೆ ಕಾಚಗೊಂಡನಪಾಳ್ಯ. ಗಾಡಿ ಊರೊಳಗೆ ಬರುತ್ತಿದ್ದಂತೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಸೇದುವ ಬಾವಿಯ ಬಳಿಯಿದ್ದ ಹೆಂಗಸರು ಬಿಂದಿಗೆ ಸೊಂಟಕ್ಕೇರಿಸಿ ಹೊರಡುತ್ತಾರೆ. ದೋಣಿ ಬಂದರೆ ಕೆರೆ ಒಡೆಯುತ್ತದೆ ಎಂಬ ಸುದ್ದಿ ಪಾವಗಡದಿಂದ ಇಲ್ಲಿಗೂ ಬಂದುಬಿಟ್ಟಿದೆ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಸಾಬರಿಗೆ ಬರುವುದಿಲ್ಲ.

ಅವರು ಗಾಡಿ ನಿಲ್ಲಿಸಿ, ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, ಬಾವಿಕಟ್ಟೆಯ ಮುಂದೆ ನಿಲ್ಲುತ್ತಾರೆ.

"ಅವ್ವಾ, ಈ ನೀರು ಮಳೆಗಲ್ಲ. ಯಾವತ್ತೂ ಮಳೆಗಲ್ಲ. ನೀವು ಅಂಗಂದ್ಕೊಂಡ್ರಿ, ನಾನು ಸುಮ್ನಿದ್ದೆ. ಕೈ ಮುಗಿಸ್ಕೊಂಡೆ, ತಪ್ಪಾಯ್ತು. ಇದು ಹಲಗೆ ಉಬ್ಬಾಕೆ. ಅವತ್ತು ನೀರು ಹಾಕಿಸ್ದೆ ಹೋದೆ, ಅದಕ್ಕೇ ಮುಳುಗ್ತು. ದೋಣಿ ತಪ್ಪಲ್ಲ, ನನ್ನ ತಪ್ಪು."

ಹನ್ನೊಂದು ವರ್ಷ ಕಂಡ ಮರ್ಯಾದೆಯನ್ನು ಸಾಬರು ತಾವೇ ಕಳಚಿಟ್ಟು ನಿಂತಿದ್ದಾರೆ. ಆಗ ಪಟಾಲಮ್ಮ ಎಂಬ ನಡುವಯಸ್ಸಿನ ಹೆಂಗಸು ಮುಂದೆ ಬರುತ್ತಾರೆ.

"ಇದ್ನ ಮೊದ್ಲೇ ಯೋಳಾಕೆ ಏನಾಗಿತ್ತು ಸಾಬ್ರೇ? ಗಾಡಿ ಚಕ್ರ ಒಣಗಿ ಕಬ್ಬಿಣದ ಪಟ್ಟೆ ಕಳಚ್ಕೊಂಡ್ರೆ ನಾವು ನೀರಾಗೆ ಇಡಲ್ವಾ? ಮಳೆಗೆ ಅಂದಿದ್ದಕ್ಕೆ ಒಂದೇ ಬಿಂದಿಗೆ ತತ್ತಿದ್ವಿ. ಮರಕ್ಕೆ ಅಂದಿದ್ರೆ ನಾಕು ತತ್ತಿರ್ಲಿಲ್ವಾ?" ಎಂದವರೇ ಬಿಂದಿಗೆ ಬಗ್ಗಿಸುತ್ತಾರೆ. ಅವರ ಹಿಂದೆ ಒಬ್ಬೊಬ್ಬರಾಗಿ ಹತ್ತು ಹನ್ನೆರಡು ಜನ ಬರುತ್ತಾರೆ. ಕೆಲವು ಬಾಗಿಲುಗಳು ಕೊನೆಯವರೆಗೂ ತೆರೆಯುವುದಿಲ್ಲ.

ಹತ್ತನೇ ಮೈಲಿಗೆ ನಾಲ್ಕು ಸಾಲು. ಹನ್ನೆರಡಕ್ಕೆ ಎರಡು. ಹೊನ್ನೇಕಟ್ಟೆಯ ಏರಿ ಕಾಣುವಾಗ ಒಂದೇ ಒಂದು ಹನಿ, ಅದೂ ತಡೆದು ತಡೆದು. ಏರಿಯ ಕೆಳಗಿನ ಮನೆಗಳ ಜನ ಗಂಟುಮೂಟೆ ಕಟ್ಟಿಕೊಂಡು ಬಂಡೆಯ ಮೇಲೆ ಕೂತಿದ್ದಾರೆ. ನಮ್ಮನ್ನು ಕಂಡು ಯಾರೂ ನಗುವುದಿಲ್ಲ.

ಇಳಿಸುವ ಕೆಲಸ ಇನ್ನೂ ಕಷ್ಟದ್ದು. ಸಾಬರು ಕೋಲಿನಿಂದ ಚುಚ್ಚಿ ಚುಚ್ಚಿ, ಹೂಳಿಲ್ಲದ ಗಟ್ಟಿ ನೆಲ ಹುಡುಕುತ್ತಾರೆ. ಎತ್ತು ಬಿಚ್ಚಿಸಿ, ಗಾಡಿ ತಿರುಗಿಸಿ, ಹಿಂಬದಿಯನ್ನು ನೀರಿಗೆ ಕೊಡುತ್ತಾರೆ. ಸಿದ್ದಗಂಗಯ್ಯ ಗಾಡಿಯ ಮುಂದಿನ ಉದ್ದ ಮರವಾದ ಮೂಕಿ ಹಿಡಿದು ಹಿಂದಕ್ಕೆ ತಳ್ಳಬೇಕು. ಗಾಡಿಯ ಬಾಲ ಎಡಕ್ಕೆ ಹೋಗಲೆಂದು ಅವರು ಮೂಕಿಯನ್ನೂ ಎಡಕ್ಕೇ ಎಳೆಯುತ್ತಾರೆ. ಗಾಡಿ ಬಲಕ್ಕೆ ಜಾರಿ, ಒಂದು ಚಕ್ರ ಹೂಳಿಗೆ ಇಳಿದು, ದೋಣಿ ವಾಲುತ್ತದೆ.

"ಅಯ್ಯೋ ದೇವುಡಾ!" ಎಂದು ಸಿದ್ದಗಂಗಯ್ಯ ತಮ್ಮ ಗಡಿಸೀಮೆಯ ತೆಲುಗಿನಲ್ಲಿ ಚೀರುತ್ತಾರೆ.

"ಬುಡಬ್ಯಾಡ, ಹಗ್ಗ ಬುಡಬ್ಯಾಡ!" ಎಂದು ಸಾಬರು ಕೂಗುತ್ತಾರೆ. "ಬಾಲ ಎಡಕ್ಕೆ ಓಗ್ಬೇಕಂದ್ರೆ ಮೂತಿ ಬಲಕ್ಕೆ ಕಣ್ಲಾ ಸಿದ್ದಗಂಗಣ್ಣ! ನಿಧಾನ. ದೋಣೀನ ನೀವು ಎತ್ತಬ್ಯಾಡಿ. ನೀರೇ ಎತ್ಲಿ. ಎತ್ತಿದ್ ಮ್ಯಾಲೆ ಕಟ್ಟು ಬಿಚ್ಚಿ."

ಊರಿನ ಆರು ಜನ ಚಕ್ರಕ್ಕೆ ಭುಜ ಕೊಡುತ್ತಾರೆ. ಚಕ್ರ ಗಟ್ಟಿ ನೆಲಕ್ಕೆ ಬಂದು, ಗಾಡಿ ಅಚ್ಚಿನವರೆಗೆ ಮುಳುಗಿ, ದೋಣಿ ತಾನಾಗಿ ಮೇಲೇಳುತ್ತದೆ. ಕಟ್ಟು ಬಿಚ್ಚಿದರೂ ಹಗ್ಗದ ತುದಿ ಸಾಬರ ಕೈಯಲ್ಲೇ ಇದೆ. ಸಿದ್ದಗಂಗಯ್ಯ ಮತ್ತು ನೀರಗಂಟಿ ಒಳಗಿನ ಗೋಣಿಚೀಲ ತೆಗೆದು, ಸುರಿದಿದ್ದ ನೀರನ್ನೆಲ್ಲ ಮೊಗೆದು ಚೆಲ್ಲಿ ಹತ್ತುತ್ತಾರೆ. ಇಬ್ಬರೂ ಮನೆ ಮಕ್ಕಳುಳ್ಳವರು.

ನೂರು ಗಜ. ಸಾಬರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹಗ್ಗ ಬಿಡುತ್ತಾ ಹೋಗುತ್ತಾರೆ. ಪೊರೆ ಬಂದ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ. "ಸ್ವಾಮಿ, ಕಾಲ್ನ ಮೇಲಕ್ಕೆ ಎತ್ಕೊಂತಾವ್ರಾ ನೋಡಿ," ಎನ್ನುತ್ತಾರೆ. ಒಳಗೆ ನೀರು ಬಂದರೆ ಮನುಷ್ಯ ಮೊದಲು ಮಾಡುವುದು ಅದೇ. ಇಲ್ಲ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಾರೆ. ಎಷ್ಟು ಸಲ ಕೇಳಿದರೋ, ಎಷ್ಟು ಸಲ ಇಲ್ಲವೆಂದೆನೋ ಲೆಕ್ಕವಿಲ್ಲ. ಹಾರೆಯ ಸದ್ದು ಒಂದು ಗಂಟೆ ಕೇಳಿಸುತ್ತದೆ. ಆಮೇಲೆ ಏರಿಯ ಆಚೆ ಕಾಲುವೆಯಲ್ಲಿ ನೀರು ಭೋರೆನ್ನುತ್ತದೆ. ಬಂಡೆಯ ಮೇಲಿದ್ದವರು ಎದ್ದು ನಿಲ್ಲುತ್ತಾರೆ.

ದೋಣಿ ದಡಕ್ಕೆ ಬಂದಾಗ ಸಾಬರು ಬಂದವರ ಮುಖವನ್ನೂ ನೋಡದೆ ಒಳಗೆ ಕೈಯಾಡಿಸುತ್ತಾರೆ. ತಳದಲ್ಲಿ ನೀರು ನಿಂತಿಲ್ಲ. ಅಲ್ಲೇ ನೀರಿನಲ್ಲಿ ಕುಕ್ಕರಿಸಿ ಅಳುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಊರಿನವರು ಊಟಕ್ಕೆ ಕರೆಯುತ್ತಾರೆ, ರಾತ್ರಿ ಉಳಿದು ಬೆಳಿಗ್ಗೆ ಹೋಗಿ ಎನ್ನುತ್ತಾರೆ. ಸಾಬರು ಆಗಲೇ ನೊಗಕ್ಕೆ ಎತ್ತು ಹೂಡಿಸುತ್ತಿದ್ದಾರೆ. ಮೂರೂವರೆ ಗಂಟೆ. ಏನವಸರ ಎಂದು ನಾನೂ ಕೇಳುತ್ತೇನೆ.

"ಪಾಳ್ಯ ದಾಟೋವಾಗ ಬೆಳಕಿರ್ಬೇಕು ಸ್ವಾಮಿ," ಎನ್ನುತ್ತಾರೆ. "ಏರಿ ಒಡೀದೆ ನಿಂತೈತೆ. ದೋಣಿ ಬಂದಿದ್ದನ್ನ ಎಲ್ಲಾರೂ ನೋಡವ್ರೆ. ವಾಪಸ್ ಓಗೋದ್ನೂ ನೋಡ್ಲಿ."